ಯಜ್ದ್‌ನಲ್ಲಿ ಒಂದು ದಿನ: ನೀರಿನ ಜಾಡು ಹಿಡಿದು ಮರುಭೂಮಿಯ ಊರು ಸುತ್ತುವುದು ಹೇಗೆ

ಇರಾನಿನ ಯಜ್ದ್ ನಗರವನ್ನು ನಾನು ಎರಡು ಸಲ ನೋಡಿದೆ, ಬೆನ್ನುಬೆನ್ನಿಗೆ ಎರಡು ದಿನ. ಮೊದಲ ದಿನ ಹೋಟೆಲಿನವರು ಗೊತ್ತು ಮಾಡಿಕೊಟ್ಟ ಟೂರಿಗೆ ಹಣ ಕಟ್ಟಿ ವ್ಯಾನ್ ಹತ್ತಿದ್ದೆ. ಮಟಮಟ ಮಧ್ಯಾಹ್ನ ಒಂದು ಗಂಟೆಗೆ ಬೋಳುಗುಡ್ಡ ಹತ್ತಿಸಿದರು. ಇಳಿಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಹಳೇ ಊರಿಗೆ ಬಂದರೆ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದವು. ಸಂಜೆ ಫೋಟೊ ನೋಡಿಕೊಂಡರೆ ಎಲ್ಲದರಲ್ಲೂ ಒಂದೇ ಮಣ್ಣಿನ ಬಣ್ಣ, ಯಾವುದು ಯಾವ ಜಾಗ ಅಂತ ನನಗೇ ತಿಳಿಯಲಿಲ್ಲ. ಮರುದಿನದ ಬಸ್ ಟಿಕೆಟ್ ಮುಂದಕ್ಕೆ ಹಾಕಿ ಬೇರೊಬ್ಬ ಗೈಡ್ ಹಿಡಿದೆ. ಆತ ಶುರುವಿನಲ್ಲೇ ಕೇಳಿದ್ದು, "ಈ ಊರಿಗೆ ನೀರು ಎಲ್ಲಿಂದ ಬರುತ್ತೆ ಗೊತ್ತಾ?"

ನಾನು ಬೀದರಿನವನು. ನೌಬಾದಿನ ಸುರಂಗ ಬಾವಿ ನೋಡಿಕೊಂಡು ಬೆಳೆದವನು. ಪ್ರಶ್ನೆ ಸರಿಯಾದ ಜಾಗಕ್ಕೇ ನಾಟಿತು. ಆ ಎರಡನೇ ದಿನದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೈಡ್ ಜೊತೆ ಹೋಗುವವರು ಇದನ್ನು ಅವರ ಮುಂದಿಟ್ಟು "ಹೀಗೆ ಕರೆದುಕೊಂಡು ಹೋಗಿ" ಅನ್ನಬಹುದು.

ಹೊರಡುವ ಮೊದಲು

ಎಲ್ಲಕ್ಕಿಂತ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆ ನೋಡಿ. ಆ ಭಾಗದ ಪರಿಸ್ಥಿತಿ ವಾರದಲ್ಲಿ ಬದಲಾಗುತ್ತದೆ, ವೀಸಾ ನಿಯಮವೂ ಹಾಗೇ. ಭಾರತೀಯರಿಗೆ 2024ರಲ್ಲಿ ವೀಸಾ ಇಲ್ಲದೆ ಬಿಡುತ್ತಿದ್ದ ವ್ಯವಸ್ಥೆ ಆಮೇಲೆ ನಿಂತಿತು. ಯಾರೋ ಹಿಂದೆ ಹೋಗಿ ಬಂದವರ ಮಾತು ನಂಬಿ ವಿಮಾನದ ಟಿಕೆಟ್ ತೆಗೆಯಬೇಡಿ. ಅಮೆರಿಕ, ಬ್ರಿಟನ್, ಕೆನಡಾ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರಿಗೆ ಇನ್ನೊಂದು ಕಟ್ಟು: ಅವರು ಅಧಿಕೃತ ಗೈಡ್ ಇಲ್ಲದೆ ಅಲ್ಲಿ ತಿರುಗುವಂತಿಲ್ಲ.

ಹೋಗಲು ಒಳ್ಳೆಯ ಕಾಲ ಏಪ್ರಿಲ್ ಅಥವಾ ಅಕ್ಟೋಬರ್‌-ನವೆಂಬರ್. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾರ್ಚ್ 20ರ ಸುಮಾರಿಗೆ ನೌರೂಜ್, ಅಂದರೆ ಅವರ ಯುಗಾದಿ. ಆಗ ಇಡೀ ಇರಾನೇ ರಜಾ ಹಾಕಿ ಊರೂರು ಸುತ್ತುತ್ತದೆ, ರೂಮು ಸಿಗುವುದೇ ಕಷ್ಟ. ವಾರದ ರಜೆ ಶುಕ್ರವಾರ, ಆ ದಿನ ಬಜಾರು ಸತ್ತ ಹಾಗಿರುತ್ತದೆ.

ದುಡ್ಡಿನ ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ನಮ್ಮ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಯಾವುದೂ ಅಲ್ಲಿ ನಡೆಯುವುದಿಲ್ಲ. ಡಾಲರ್ ಅಥವಾ ಯೂರೋ ನಗದು ಒಯ್ದು ಅಲ್ಲಿ ಬದಲಾಯಿಸಬೇಕು. ನೋಟಿನ ಮೇಲೆ ರಿಯಾಲ್ ಅಂತಿರುತ್ತದೆ, ಬಾಯಲ್ಲಿ ಹೇಳುವುದು ತುಮಾನ್. 10 ರಿಯಾಲ್‌ಗೆ 1 ತುಮಾನ್. ಅಂಗಡಿಯವನು ಹೇಳಿದ ಬೆಲೆಗೆ ಒಂದು ಸೊನ್ನೆ ಸೇರಿಸಿಕೊಂಡು ನೋಟು ಎಣಿಸಬೇಕು. ಅಂಕಿಗಳೂ ಅವರದ್ದೇ. 5 ಅಂದರೆ ತಲೆಕೆಳಗಾದ ಹೃದಯ, ಸೊನ್ನೆ ಅಂದರೆ ಬರೀ ಚುಕ್ಕೆ. ಒಂದರಿಂದ ಹತ್ತರವರೆಗೆ ಕಲಿಯಲು ಅರ್ಧ ಗಂಟೆ ಸಾಕು, ಟಿಕೆಟ್ ಕೌಂಟರಿನಲ್ಲಿ ಉಪಯೋಗಕ್ಕೆ ಬರುತ್ತದೆ. ವಿದೇಶಿಯರ ಟಿಕೆಟ್ ದರ ಬೇರೆ, ಹೆಚ್ಚು. ಅದಕ್ಕೆ ಜಗಳ ಆಡಬೇಡಿ, ತಾಜ್‌ಮಹಲಿನಲ್ಲಿ ನಾವು ಮಾಡುವುದೂ ಅದೇ.

ಉಡುಪಿಗೆ ಕಾನೂನೇ ಇದೆ. ಹೆಂಗಸರು ತಲೆಗೆ ಸ್ಕಾರ್ಫ್ ಹಾಕಬೇಕು, ತೋಳು ಕಾಲು ಮುಚ್ಚಿರಬೇಕು. ಸಲ್ವಾರ್ ಕಮೀಜಿನ ಮೇಲೆ ದುಪಟ್ಟಾ ಇದ್ದರೆ ನಡೆಯುತ್ತದೆ. ಗಂಡಸರು ಚಡ್ಡಿ ಮನೆಯಲ್ಲೇ ಬಿಟ್ಟು ಬರಲಿ. ಹತ್ತಿಯ ಬಟ್ಟೆ, ಹಿಡಿತ ಇರುವ ಚಪ್ಪಲಿ ಅಥವಾ ಶೂ, ತುಟಿಗೆ ಹಚ್ಚಲು ಏನಾದರೂ. ಗಾಳಿ ಎಷ್ಟು ಒಣ ಅಂದರೆ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಾಯಾರದಿದ್ದರೂ ನೀರು ಕುಡಿಯುತ್ತಿರಿ.

ಗೈಡ್ ಹಿಡಿಯುವಾಗ ಸರ್ಕಾರದ ಗುರುತಿನ ಚೀಟಿ ತೋರಿಸಲು ಹೇಳಿ. ಪೂರ್ತಿ ದಿನಕ್ಕೆ ಒಟ್ಟು ಎಷ್ಟು, ಟ್ಯಾಕ್ಸಿ ಅದರಲ್ಲಿ ಸೇರಿದೆಯಾ, ಟಿಕೆಟ್ ಯಾರದು, ಊಟ ಯಾರದು, ಈ ನಾಲ್ಕನ್ನೂ ಹಿಂದಿನ ರಾತ್ರಿಯೇ ಮಾತಾಡಿ. "ಮಧ್ಯಾಹ್ನ 1ರಿಂದ 3.30ರವರೆಗೆ ನಮಗೆ ರೆಸ್ಟ್ ಬೇಕು" ಅಂದಾಗ ಒಪ್ಪದ ಗೈಡನ್ನು ಬಿಟ್ಟುಬಿಡಿ. ಒಂದೇ ದಿನದಲ್ಲಿ ಮೈಬೋದ್, ಚಕ್ ಚಕ್, ಖರಾನಖ್ ಎಲ್ಲ ಸೇರಿಸುತ್ತೇನೆ ಅನ್ನುವವರೂ ಇದ್ದಾರೆ. ಅವು ಊರಾಚೆಯ ಜಾಗಗಳು, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಇಸ್ಫಹಾನಿನಿಂದ ಬಸ್ಸಿನಲ್ಲಿ ನಾಲ್ಕೈದು ತಾಸು, ತೆಹರಾನಿನಿಂದ ರಾತ್ರಿ ರೈಲೂ ಇದೆ. ಉಳಿಯಲು ಹಳೇ ಊರಿನೊಳಗಿನ ತೊಟ್ಟಿಮನೆಗಳನ್ನೇ ಹೋಟೆಲ್ ಮಾಡಿದ್ದಾರೆ, ಅಲ್ಲೇ ಇಳಿದುಕೊಂಡರೆ ಬೆಳಗಿನ ಒಂದು ಗಂಟೆ ಉಳಿಯುತ್ತದೆ.

ಬೆಳಿಗ್ಗೆ 7.30: ಫಹಾದಾನ್ ಓಣಿಗಳು

ಹಳೇ ಊರಿನ ಫಹಾದಾನ್ ಮೊಹಲ್ಲಾದಿಂದ ಶುರು ಮಾಡಿ. ಯಜ್ದ್ ಇರುವುದು ಸುಮಾರು 1,200 ಮೀಟರ್ ಎತ್ತರದಲ್ಲಿ, ದಶ್ತೆ ಕವೀರ್, ದಶ್ತೆ ಲೂತ್ ಎಂಬ ಎರಡು ಮರುಭೂಮಿಗಳ ನಡುವೆ. ವರ್ಷಕ್ಕೆ ಬೀಳುವ ಮಳೆ ಸರಾಸರಿ 60 ಮಿಲಿಮೀಟರ್ ಮುಟ್ಟಿದರೆ ಹೆಚ್ಚು, ನಮ್ಮಲ್ಲಿ ಒಂದು ಜೋರು ಮಳೆಗೆ ಬೀಳುವಷ್ಟು. ಆ ಮಳೆಯಲ್ಲಿ ಕಲ್ಲೂ ಬೇಡ, ಸುಟ್ಟ ಇಟ್ಟಿಗೆಯೂ ಬೇಡ. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಮೇಲೆ ಹುಲ್ಲು ಕಲಸಿದ ಮಣ್ಣು ಮೆತ್ತಿದರೆ ಮನೆ ನಿಲ್ಲುತ್ತದೆ. ಈ ಮೆತ್ತುವ ಮಣ್ಣಿಗೆ ಅವರು ಕಾಹ್‌ಗೆಲ್ ಅನ್ನುತ್ತಾರೆ. ಕಾಹ್ ಎಂದರೆ ಹುಲ್ಲು, ಗೆಲ್ ಎಂದರೆ ಮಣ್ಣು. ನಮ್ಮ ಗಾರೆಯವರು ಹೇಳುವ "ಗಿಲಾವು" ಇದೇ ಮಣ್ಣಿನಿಂದ ಬಂದ ಮಾತು. ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿ, ಹುಲ್ಲಿನ ತುಂಡುಗಳು ಚಿನ್ನದ ಚೂರಿನ ಹಾಗೆ ಮಿನುಗುತ್ತವೆ.

ಓಣಿ ಕಿರಿದು, ಗೋಡೆ ಎತ್ತರ, ಅಲ್ಲಲ್ಲಿ ಮೇಲೆ ಕಮಾನಿನ ಮುಚ್ಚಿಗೆ. ಈ ಮುಚ್ಚಿದ ಭಾಗಕ್ಕೆ ಸಾಬಾತ್ ಎಂದು ಹೆಸರು. ಬಿಸಿಲಿನಿಂದ ಅದರೊಳಗೆ ಕಾಲಿಟ್ಟಾಗ ತಣ್ಣಗಾಗುವುದು ಬೆನ್ನಿಗೇ ತಿಳಿಯುತ್ತದೆ. ಬಾಗಿಲುಗಳನ್ನು ಬಿಡಬೇಡಿ. ಹಳೆಯ ಬಾಗಿಲಿಗೆ ಎರಡು ಕದ, ಒಂದೊಂದಕ್ಕೆ ಬಾಗಿಲು ತಟ್ಟುವ ಒಂದೊಂದು ಬಡಿಗೆ. ಒಂದು ಭಾರದ ಕಬ್ಬಿಣದ ಸಲಾಕೆ, ಗಂಡಸರು ಬಡಿಯುವುದು. ಇನ್ನೊಂದು ತೆಳು ಬಳೆ, ಹೆಂಗಸರದು. ಸದ್ದು ಕೇಳಿಯೇ ಯಾರು ಬಾಗಿಲು ತೆಗೆಯಬೇಕು ಅಂತ ಒಳಗೆ ತೀರ್ಮಾನವಾಗುತ್ತಿತ್ತು. ಗೈಡ್ ಎರಡನ್ನೂ ಒಮ್ಮೆ ಬಡಿದು ತೋರಿಸಲಿ, ಆದರೆ ಖಾಲಿ ಮನೆಯದ್ದೇ ಆಗಲಿ. ಜನ ಈಗಲೂ ವಾಸವಾಗಿದ್ದಾರೆ.

ಇದೇ ಮೊಹಲ್ಲಾದಲ್ಲಿ "ಸಿಕಂದರನ ಸೆರೆಮನೆ" ಎಂಬ ಕಟ್ಟಡ ಇದೆ. ಅಲೆಕ್ಸಾಂಡರ್ ಕೈದಿಗಳನ್ನು ಇಟ್ಟಿದ್ದನಂತೆ ಅನ್ನುವ ಕಥೆ ಹೇಳುತ್ತಾರೆ. ಅದು ಹಳೆಯ ಮದರಸಾ. ಕಥೆ ಕೇಳಿ, ಹೊರಗಿಂದ ನೋಡಿ ಮುಂದೆ ನಡೆಯಿರಿ. ಆ ಸಮಯವನ್ನು ಲಾರಿ ಮನೆಗೆ ಕೊಡುವುದು ಲಾಭ. ಕಾಜಾರ್ ರಾಜಮನೆತನದ ಕಾಲದ ವ್ಯಾಪಾರಿಯ ಮನೆ, ಒಳ ಅಂಗಳ, ಬಣ್ಣದ ಗಾಜು, ಹೊರಗಿನವರಿಗೆ ಒಂದು ಭಾಗ, ಮನೆಯವರಿಗೆ ಇನ್ನೊಂದು.

9 ಗಂಟೆ: ಜಾಮೆ ಮಸೀದಿ

ಇದು 14ನೇ ಶತಮಾನದ್ದು. ಮುಂಬಾಗಿಲಿನ ಮೇಲೆ ಎರಡು ಮಿನಾರು, ಸುಮಾರು 50 ಮೀಟರ್ ಎತ್ತರ. ಬೆಳಗಿನ ಬೆಳಕಿನಲ್ಲಿ ನೀಲಿ ಹೆಂಚು ಸರಿಯಾಗಿ ಕಾಣುತ್ತದೆ. ನಾನು ಬೀದರಿನವನಾದ್ದರಿಂದ ನನಗೆ ತಕ್ಷಣ ನೆನಪಾದದ್ದು ನಮ್ಮ ಮಹಮೂದ್ ಗವಾನ್ ಮದರಸಾ. 1472ರ ಆ ಕಟ್ಟಡದಲ್ಲಿ ಉದುರಿ ಅಳಿದುಳಿದಿರುವ ಹೆಂಚಿನ ಕೆಲಸ ಪೂರ್ತಿ ಇದ್ದಾಗ ಹೇಗಿದ್ದಿರಬಹುದು ಎಂಬುದು ಇಲ್ಲಿ ನಿಂತಾಗ ಹೊಳೆಯಿತು. ಗವಾನ್ ಕೂಡ ಇರಾನಿನ ಗೀಲಾನಿನಿಂದ ಬಂದವರಲ್ಲವೇ.

ಮಿನಾರು ನೋಡಿ ಹಿಂದೆ ತಿರುಗುವವರೇ ಹೆಚ್ಚು. ನೀವು ಅಂಗಳದಲ್ಲಿ ನಿಂತು ಕೆಳಕ್ಕೆ ನೋಡಿ. ಇಲ್ಲಿಂದ ನೆಲದಡಿಗೆ ಮೆಟ್ಟಿಲಿದೆ, ಅದು ಇಳಿಯುವುದು ಜಾರ್ಚ್ ಕನಾತಿಗೆ. ಕನಾತ್ ಎಂದರೆ ನೆಲದೊಳಗಿನ ಕಾಲುವೆ. ಜಾರ್ಚಿನದು ಸುಮಾರು 80 ಕಿಲೋಮೀಟರ್ ಉದ್ದ. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಇರಾನಿನ 11 ಕನಾತುಗಳಲ್ಲಿ ಇದೂ ಒಂದು. ಮರುವರ್ಷ, 2017ರಲ್ಲಿ, ಊರೇ ಪಟ್ಟಿ ಸೇರಿತು. ಮೊದಲು ನೀರು, ಆಮೇಲೆ ಊರು. ಯುನೆಸ್ಕೊದವರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಕ್ರಮ ಸರಿಯಾಗಿದೆ.

10.30: ಅಗ್ನಿ ಮಂದಿರ

ಟ್ಯಾಕ್ಸಿ ಹಿಡಿದು ಆತಶ್ ಬೆಹ್ರಾಮಿಗೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕುವ ಜಾಗಗಳೇ ಇಲ್ಲಿ ಹೆಚ್ಚು, 11ರ ಒಳಗೆ ತಲುಪಿಬಿಡಿ. ಟ್ಯಾಕ್ಸಿ ಬಾಗಿಲು ಮೆಲ್ಲಗೆ ಹಾಕಿ, ಧಡಾರ್ ಅನ್ನಿಸಿದರೆ ಡ್ರೈವರ್ ಮುಖ ಕೆಂಪಾಗುತ್ತದೆ.

ಕಟ್ಟಡ ಹಳೆಯದಲ್ಲ, 1934ರದು. ಭಾರತದ ಪಾರ್ಸಿಗಳ ಹಣದಲ್ಲಿ ಎದ್ದದ್ದು. ಎದುರಿಗೆ ಒಂದು ದುಂಡನೆ ಕೊಳ, ಮೇಲೆ ರೆಕ್ಕೆ ಬಿಚ್ಚಿದ ಫರಾವಹರ್, ಅವರ ಧರ್ಮದ ಲಾಂಛನ. ಒಳಗೆ ಗಾಜಿನ ಹಿಂದೆ ಕಂಚಿನ ಪಾತ್ರೆಯಲ್ಲಿ ಬೆಂಕಿ. ಆ ಬೆಂಕಿ ಕ್ರಿ.ಶ. 470ರ ಸುಮಾರಿನಿಂದ ಆರಿಲ್ಲ, ಊರಿಂದೂರಿಗೆ ಬಚ್ಚಿಟ್ಟು ಸಾಗಿಸಿದ್ದು ಎಂಬುದು ಜೊರಾಸ್ಟ್ರಿಯನ್ನರ, ಅಂದರೆ ಪಾರ್ಸಿಗಳ ಧರ್ಮದವರ, ನಂಬಿಕೆ.

ನಮಗೆ ಇಲ್ಲಿ ಒಂದು ವಿಶೇಷ ಇದೆ. ಅತಿ ಉನ್ನತ ದರ್ಜೆಯ ಇಂಥ ಬೆಂಕಿ ಜಗತ್ತಿನಲ್ಲಿ ಒಂಬತ್ತು ಕಡೆ. ಎಂಟು ಭಾರತದಲ್ಲಿ: ಮುಂಬೈ ನಾಲ್ಕು, ಸೂರತ್ ಎರಡು, ನವಸಾರಿ, ಉದ್ವಾಡಾ ಒಂದೊಂದು. ಒಂಬತ್ತನೆಯದು ಇದು. ನಮ್ಮ ದೇಶದ ಎಂಟರಲ್ಲಿ ಪಾರ್ಸಿಯಲ್ಲದವರಿಗೆ ಒಳಗೆ ಪ್ರವೇಶ ಇಲ್ಲ, ಬೆಂಗಳೂರಿನ ಕ್ವೀನ್ಸ್ ರಸ್ತೆಯ ಚಿಕ್ಕ ಅಗ್ನಿ ಮಂದಿರದಲ್ಲೂ ಇಲ್ಲ. ಇಲ್ಲಿ ಯಾರು ಬೇಕಾದರೂ ಗಾಜಿನಾಚೆಯಿಂದ ನೋಡಬಹುದು. ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಫ್ಲ್ಯಾಶ್ ಬೇಡ.

12 ಗಂಟೆ: ನೀರಿನ ಮ್ಯೂಸಿಯಂ, ಇಡೀ ದಿನದ ಹೂರಣ ಇಲ್ಲೇ

ಅಮೀರ್ ಚಖ್ಮಾಖ್ ಚೌಕದ ಹತ್ತಿರ, 19ನೇ ಶತಮಾನದ ಕೊನೆಗೆ ಒಬ್ಬ ವ್ಯಾಪಾರಿ ಕಟ್ಟಿಸಿದ ಮನೆಯಲ್ಲಿ ಈ ಮ್ಯೂಸಿಯಂ ಇದೆ. ಟೂರಿನವರು ಇದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನೀವು ಒಂದು ತಾಸು ಕೇಳಿ ತೆಗೆದುಕೊಳ್ಳಿ. ನೆಲಮಾಳಿಗೆಗಳು ಇರುವುದರಿಂದ ನೆತ್ತಿಯ ಬಿಸಿಲಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಕನಾತ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗೈಡ್ ಬಾಯಿಂದ ಇಲ್ಲಿ ಹೇಳಿಸಿ. ಹೀಗಿದೆ ಅದು. ಯಜ್ದ್‌ನ ನೈರುತ್ಯಕ್ಕೆ ಶೀರ್‌ಕೂಹ್ ಬೆಟ್ಟ, 4,000 ಮೀಟರ್ ಮೀರಿದ ಎತ್ತರ. ಅದರ ಹಿಮ ಕರಗಿ ತಪ್ಪಲಿನ ನೆಲಕ್ಕಿಳಿಯುತ್ತದೆ. ಅಂಥ ತಪ್ಪಲಿನಲ್ಲಿ ನೀರು ಸಿಗುವವರೆಗೆ ಒಂದು ಆಳದ ಬಾವಿ ತೋಡುತ್ತಾರೆ, ಅದು "ಮಾದರ್ ಚಾಹ್", ತಾಯಿ ಬಾವಿ. ಅಲ್ಲಿಂದ ಊರಿನ ಕಡೆಗೆ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನೇ ಕೊರೆದು ಬೀಳಿಸುತ್ತದೆ, ಕಡಿಮೆಯಾದರೆ ಹರಿಯುವುದೇ ಇಲ್ಲ. ನಡುನಡುವೆ ಮೇಲಿನಿಂದ ಕಿಂಡಿ ಬಾವಿಗಳು, ಗಾಳಿಗೆ ಮತ್ತು ಮಣ್ಣು ಎತ್ತಲು. ಪಂಪು ಬೇಡ, ಎತ್ತು ಬೇಡ, ಬಿಸಿಲಿಗೆ ನೀರು ಆವಿಯಾಗುವುದೂ ಇಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದಲ್ಲಿ ತೋಡಿದ ಕರೇಜ್ ಇದೇ ವಿದ್ಯೆ. ನಾವು ಹುಡುಗರಾಗಿದ್ದಾಗ ಆ ಕಿಂಡಿಗಳೊಳಗೆ ಕಲ್ಲು ಹಾಕಿ ಸದ್ದು ಕೇಳುತ್ತಿದ್ದೆವು. ಅದರ ಅಜ್ಜನ ಮನೆ ಇಲ್ಲಿದೆ ಅಂತ ಯಾರು ಹೇಳಬೇಕಿತ್ತು.

ತೋಡುವವನಿಗೆ ಮುಕನ್ನಿ ಎಂದು ಹೆಸರು. ಅವನ ಬಿಳಿ ಬಟ್ಟೆ ಅಲ್ಲಿ ತೂಗುಹಾಕಿದ್ದಾರೆ. ಕತ್ತಲಲ್ಲಿ ಕಾಣಲಿ ಎಂದು ಬಿಳಿ; ಮಣ್ಣು ಕುಸಿದರೆ ಅದೇ ಕಫನ್ ಆಗಲಿ ಎಂದೂ ಹೇಳುತ್ತಾರೆ. ಎಣ್ಣೆದೀಪವನ್ನೂ ನೋಡಿ: ದೀಪ ಮಂಕಾದರೆ ಗಾಳಿ ಸಾಲದು, ಮೇಲೆ ಬಾ ಎಂದರ್ಥ.

ಇನ್ನೊಂದು ಗಾಜಿನ ಪೆಟ್ಟಿಗೆಯ ಮುಂದೆ ನಾನು ನಿಂತೇಬಿಟ್ಟೆ. ದೊಡ್ಡ ಪಾತ್ರೆಯಲ್ಲಿ ನೀರು, ಅದರ ಮೇಲೆ ತಳದಲ್ಲಿ ಸೂಜಿತೂತು ಇರುವ ಚಿಕ್ಕ ತಾಮ್ರದ ಬಟ್ಟಲು. ಬಟ್ಟಲು ತುಂಬಿ ಮುಳುಗಲು ಹಿಡಿಯುವ ಹೊತ್ತೇ ಒಂದು ಅಳತೆ. ಇಂತಿಷ್ಟು ಬಟ್ಟಲು ನೀರು ನಿನ್ನ ಹೊಲಕ್ಕೆ, ಇಂತಿಷ್ಟು ಅವನ ತೋಟಕ್ಕೆ ಎಂದು ಮೀರಾಬ್ ಕೂತು ಎಣಿಸುತ್ತಿದ್ದ. ಅರೆ, ಇದು ನಮ್ಮ ಗಳಿಗೆ ಬಟ್ಟಲು! ಮುಹೂರ್ತ ನೋಡಲು ನಾವು ಮುಳುಗಿಸುತ್ತಿದ್ದದ್ದನ್ನು ಇವರು ನೀರು ಹಂಚಲು ಮುಳುಗಿಸಿದ್ದಾರೆ. ಗೈಡಿಗೆ ಹೇಳಿದೆ, ಅವರು ನೋಟ್‌ಬುಕ್ ತೆಗೆದು "ಗಳಿಗೆ" ಅಂತ ಬರೆದುಕೊಂಡರು. ಮೀರಾಬ್‌ನಲ್ಲಿರುವ "ಆಬ್" ಅಂದರೆ ನೀರು. ನಮ್ಮ ಅಬಕಾರಿ ಇಲಾಖೆಯಲ್ಲಿ ಇರುವುದೂ ಅದೇ ಆಬ್. ಮದ್ಯ ನಿಷೇಧವಿರುವ ದೇಶದಲ್ಲಿ ಈ ಜೋಕು ಮೆಲುದನಿಯಲ್ಲಿ ಹೇಳಿ.

1 ಗಂಟೆ: ಊಟ, ಆಮೇಲೆ ಕಡ್ಡಾಯ ನಿದ್ದೆ

ಸಸ್ಯಾಹಾರಿಗಳಿಗೆ ಒಂದು ಎಚ್ಚರ. "ಬೆದೂನೆ ಗೂಶ್ತ್" ಅಂದರೆ ಮಾಂಸ ಇಲ್ಲದೆ. ಆದರೆ ಗೂಶ್ತ್ ಎಂದಾಗ ಕೆಲವರ ಲೆಕ್ಕದಲ್ಲಿ ಕೋಳಿ ಬರುವುದಿಲ್ಲ. "ಮೋರ್ಗ್" ಬೇಡ, "ಮಾಹಿ" ಬೇಡ ಎಂದು ಕೋಳಿ, ಮೀನು ಎರಡನ್ನೂ ಬೇರೆಯಾಗಿ ಹೇಳಿಸಿ. ಕಶ್ಕೆ ಬಾದೆಂಜಾನ್ ಕೇಳಿ: ಸುಲಿದ ಬದನೆಕಾಯಿ ಕರಿದು ಮಸೆದು, ಮೇಲೆ ಕಶ್ಕ್ ಎಂಬ ಹುಳಿ ಹಾಲಿನ ಪದಾರ್ಥ ಮತ್ತು ಒಣ ಪುದೀನ. ನಮ್ಮ ಎಣ್ಣೆಗಾಯಿಯ ಖಾರ ನಿರೀಕ್ಷಿಸಬೇಡಿ, ಒಂದು ಪೊಟ್ಟಣ ಚಟ್ನಿಪುಡಿ ಜೇಬಿನಲ್ಲಿದ್ದರೆ ಸ್ವರ್ಗ. ಮೊಟ್ಟೆ ತಿನ್ನುವವರಾದರೆ ಮಿರ್ಜಾ ಘಾಸೆಮಿ, ಗವಾನರ ಗೀಲಾನ್ ಕಡೆಯದ್ದು. ಯಜ್ದ್‌ನದೇ ಬೇಕೆಂದರೆ ಶೋಲಿ, ಬೇಳೆ-ಸೊಪ್ಪಿನ ಗಟ್ಟಿ ಸೂಪು. ಒಂಟೆ ಮಾಂಸವೂ ಇಲ್ಲಿ ಸಾಮಾನ್ಯ, ತಿನ್ನುವವರಿಗೆ ಹೇಳುತ್ತಿದ್ದೇನೆ.

ಊಟದ ಮೇಲೆ ರೂಮಿಗೆ ಹೋಗಿ ಮಲಗಿ. ಊರಿಗೆ ಊರೇ ಮಲಗುವಾಗ ನೀವೊಬ್ಬರೇ ತಿರುಗಿ ಏನೂ ಸಿಗದು.

3.45: ದೌಲತಾಬಾದ್ ತೋಟ

18ನೇ ಶತಮಾನದ ನಡುವೆ ಮೊಹಮ್ಮದ್ ತಖಿ ಖಾನ್ ಮಾಡಿಸಿದ ತೋಟ. ದಾಳಿಂಬೆ, ದ್ರಾಕ್ಷಿ, ಸೈಪ್ರೆಸ್ ಮರಗಳ ಸಾಲು, ನಡುವೆ ನೀರಿನ ಕಾಲುವೆ. ಕನಾತಿನ ನೀರೇ ಇದನ್ನು ಸಾಕಿದ್ದು. ತುದಿಯ ಮಂಟಪದ ಮೇಲೆ ಎಂಟು ಮುಖದ ಬಾದ್‌ಗೀರ್, ಅಂದರೆ ಗಾಳಿಗೋಪುರ. 33 ಮೀಟರಿಗಿಂತ ಎತ್ತರ.

ನೇರವಾಗಿ ಗೋಪುರದ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ. ಒಂದೇ ಕೊಳವೆ ಅಂದುಕೊಂಡಿದ್ದು ಹಲವು ಓಣಿಗಳಾಗಿ ಒಡೆದಿರುತ್ತದೆ. ಯಾವ ದಿಕ್ಕಿನಿಂದ ಗಾಳಿ ಬಂದರೂ ಒಂದು ಓಣಿ ಅದನ್ನು ಹಿಡಿದು ಕೆಳಕ್ಕೆ ದೂಡುತ್ತದೆ, ಎದುರು ಬದಿಯ ಓಣಿ ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಇಳಿದ ಗಾಳಿ ಕೆಳಗಿನ ಕೊಳದ ನೀರನ್ನು ಸವರಿ ತಂಪಾಗಿ ಕೋಣೆ ಸೇರುತ್ತದೆ. ಬಾಟಲಿ ನೀರಿನಿಂದ ಅಂಗೈ ಒದ್ದೆ ಮಾಡಿ ಎತ್ತಿ ಹಿಡಿಯಿರಿ, ಆಮೇಲೆ ಎರಡು ಹೆಜ್ಜೆ ಸರಿದು ಮತ್ತೆ ಹಿಡಿಯಿರಿ. ಗಾಳಿ ಎಲ್ಲಿ ಇಳಿಯುತ್ತಿದೆ, ಎಲ್ಲಿ ಏರುತ್ತಿದೆ ಎಂದು ಕೈಯೇ ಹೇಳುತ್ತದೆ. ತೋಟದಲ್ಲಿ ಒಂದು ತಾಸು ಸಾಕು.

5 ಗಂಟೆಗೆ: ಮೌನಗೋಪುರ

ಬಿಸಿಲು ಇಳಿದ ಮೇಲೆ ಊರಾಚೆಯ ದಖ್ಮಾಗಳಿಗೆ. ಮೊದಲ ದಿನ ನನ್ನ ತಲೆ ಸಿಡಿಸಿದ ಗುಡ್ಡ ಇದೇ. ಬಾಗಿಲು ಮುಚ್ಚುವ ಹೊತ್ತನ್ನು ಗೈಡಿನಿಂದ ಬೆಳಿಗ್ಗೆಯೇ ಕೇಳಿಕೊಂಡು ಅದಕ್ಕೆ ಸರಿಯಾಗಿ ಸಮಯ ಹಿಂದೆಮುಂದೆ ಮಾಡಿ.

ಎರಡು ಗುಡ್ಡ, ಎರಡರ ನೆತ್ತಿಯಲ್ಲೂ ದುಂಡನೆ ಗೋಡೆ. ಜೊರಾಸ್ಟ್ರಿಯನ್ನರಿಗೆ ಮಣ್ಣು, ನೀರು, ಬೆಂಕಿ ಪವಿತ್ರ. ಹೆಣದಿಂದ ಅವು ಮೈಲಿಗೆಯಾಗಬಾರದೆಂದು ದೇಹವನ್ನು ಇಲ್ಲಿಟ್ಟು ಹದ್ದುಗಳಿಗೆ ಬಿಡುತ್ತಿದ್ದರು, ಮೂಳೆ ನಡುವಿನ ಗುಂಡಿಗೆ. 1970ರ ದಶಕಕ್ಕೆ ಪದ್ಧತಿ ನಿಂತಿತು, ಈಗ ಕೆಳಗೇ ಸ್ಮಶಾನವಿದೆ. ಮುಂಬೈ ಪಾರ್ಸಿಗಳು 1854ರಲ್ಲಿ ಇಲ್ಲಿಗೆ ಮಾಣೆಕ್‌ಜಿ ಲಿಮ್‌ಜಿ ಹತಾರಿಯಾ ಅವರನ್ನು ಕಳಿಸಿದರು. ಇಲ್ಲಿನ ಜನರ ಪಾಡು ನೋಡಿ ಅವರು ಪಟ್ಟು ಹಿಡಿದು ಕೂತದ್ದರಿಂದ 1882ರಲ್ಲಿ ಜೊರಾಸ್ಟ್ರಿಯನ್ನರ ಮೇಲಿನ ಜಿಜಿಯಾ ತೆರಿಗೆ ರದ್ದಾಯಿತು. ಈ ಹೆಸರನ್ನು ಗೈಡ್ ಹೇಳದಿದ್ದರೆ ನೀವೇ ಎತ್ತಿ.

ಹತ್ತಲು ಹದಿನೈದಿಪ್ಪತ್ತು ನಿಮಿಷ, ಜಲ್ಲಿ ಜಾರುತ್ತದೆ. ಮಂಡಿ ನೋವಿನವರು ಕೆಳಗಿನ ಪಾಳುಮನೆಗಳ ಬಳಿ ಕೂರಬಹುದು, ಶವದ ಜೊತೆ ಬಂದವರು ತಂಗುತ್ತಿದ್ದ ಜಾಗ. ಅಲ್ಲೂ ಒಂದು ಗುಮ್ಮಟ, ಪಕ್ಕದಲ್ಲಿ ಗಾಳಿಗೋಪುರ. ಬೆಳಿಗ್ಗೆಯಿಂದ ನೀರಿನ ಜಾಡು ಹಿಡಿದಿದ್ದರೆ ಅದೇನೆಂದು ಕೇಳಬೇಕಾಗಿಲ್ಲ: ಆಬ್ ಅಂಬಾರ್, ನೀರಿನ ಉಗ್ರಾಣ.

ರಾತ್ರಿ: ಚೌಕ, ಸಿಹಿ, ಗರಡಿ

ದೀಪ ಹತ್ತಿದ ಮೇಲೆ ಅಮೀರ್ ಚಖ್ಮಾಖ್ ಚೌಕಕ್ಕೆ ವಾಪಸು ಬನ್ನಿ. 15ನೇ ಶತಮಾನದ ತೈಮೂರಿ ಆಡಳಿತಗಾರನ ಹೆಸರು ಇದಕ್ಕೆ. ಗೂಡುಗೂಡಿನ ಮುಖಭಿತ್ತಿ ಹಗಲಿಗಿಂತ ಈಗಲೇ ಚೆಂದ. ಮುಂದೆ ಎಲೆಯಾಕಾರದ ಭಾರೀ ಮರದ ಚೌಕಟ್ಟು ನಿಂತಿದೆ, ನಖ್ಲ್. ಮೊಹರಂನಲ್ಲಿ ಇಮಾಮ್ ಹುಸೇನರ ಶವಪೆಟ್ಟಿಗೆಯ ಸಂಕೇತವಾಗಿ ಹೊರುವಂಥದ್ದು. ನಮ್ಮ ಹಳ್ಳಿಗಳ ಅಲಾಯಿ ದೇವರ ಡೋಲಿ ನೋಡಿದವರಿಗೆ ವಿವರಣೆ ಬೇಡ.

ಚೌಕದ ಮಿಠಾಯಿ ಅಂಗಡಿಯಲ್ಲಿ ಖೊತ್ತಾಬ್ ಕೊಳ್ಳಿ, ಬಾದಾಮಿ ತುಂಬಿ ಕರಿದು ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು. ಪಶ್ಮಕ್ ನಮ್ಮ ಸೋನ್ ಪಾಪಡಿಯ ಅಕ್ಕ. ದುಡ್ಡು ಕೊಡಲು ಹೋದಾಗ ಅಂಗಡಿಯವನು "ಗಾಬೆಲಿ ನದಾರೆ" ಅನ್ನಬಹುದು, ಇದೇನೂ ದೊಡ್ಡದಲ್ಲ, ಬಿಡಿ ಎಂಬ ಅರ್ಥದಲ್ಲಿ. ನಂಬಿ ಎದ್ದು ಬರಬೇಡಿ! ಇದಕ್ಕೆ ತಾರೋಫ್ ಅನ್ನುತ್ತಾರೆ, ಉಪಚಾರದ ಮಾತು. ನೀವು ಒತ್ತಾಯ ಮಾಡಬೇಕು, ಅವನು ಬೇಡ ಅನ್ನಬೇಕು, ಮೂರನೇ ಸಲಕ್ಕೆ ತೆಗೆದುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಎರಡನೇ ಸಲ ಬಡಿಸುವಾಗ ನಡೆಯುವ ಜಗ್ಗಾಟವೇ.

ಕೊನೆಗೆ ಪಕ್ಕದ ಜೂರ್‌ಖಾನೆ, ಅವರ ಗರಡಿಮನೆ. ಆಟದ ಸಮಯ ಗೈಡ್ ಮೊದಲೇ ವಿಚಾರಿಸಿರಲಿ. ಇದು ಕೂಡ ಒಂದು ಕಾಲದ ಆಬ್ ಅಂಬಾರ್, ನೀರು ತುಂಬಿಡುತ್ತಿದ್ದ ಗುಮ್ಮಟದ ಹೊಟ್ಟೆಯೊಳಗೆ ಈಗ ಪೈಲ್ವಾನರು. ನಡುವೆ ತಗ್ಗು ಅಖಾಡ, ಸುತ್ತ ನಾವು ಕೂರಬೇಕು, ಹೆಂಗಸರಿಗೂ ಜಾಗವಿದೆ. ಮೇಲೆ ಮುರ್ಶಿದ್ ಡೋಲು ಬಾರಿಸುತ್ತ ಪದ್ಯ ಹಾಡುತ್ತಾನೆ. ಆ ತಾಳಕ್ಕೆ ಬಸ್ಕಿ, ದಂಡ, ಜೋಡಿ ಗದೆ, ಬುಗುರಿಯಂತೆ ಗಿರಗಿರ ತಿರುಗುವುದು. ನಮ್ಮ ಮೈಸೂರಿನ ಗರಡಿಯವರು ಕಂಡರೆ "ಇದು ನಮ್ಮದೇ" ಅಂದಾರು. ಗುಮ್ಮಟದಲ್ಲಿ ಡೋಲಿನ ಸದ್ದು ಎದೆಗೇ ಬಡಿಯುತ್ತದೆ, ಚಿಕ್ಕ ಮಕ್ಕಳಿದ್ದರೆ ಹಿಂದಿನ ಸಾಲಿನಲ್ಲಿ ಕೂರಿ.

ಹೊರಗೆ ಬಂದ ಮೇಲೆ ಗೈಡಿಗೆ ಒಪ್ಪಿದ ಹಣ, ಜೊತೆಗೆ ಖುಷಿಯಾದಷ್ಟು ಸೇರಿಸಿ ಲಕೋಟೆಯಲ್ಲಿ ಕೊಡಿ. ನನ್ನ ಗೈಡ್ ಎರಡು ಸಲ ಕೈ ಹಿಂದೆ ತೆಗೆದರು, "ಗಾಬೆಲಿ ನದಾರೆ." ನಾನೂ ಬೀದರಿನವನು, ಬಿಡಲಿಲ್ಲ. ಮೂರನೇ ಸಲಕ್ಕೆ ತೆಗೆದುಕೊಂಡು ಜೇಬಿಗಿಟ್ಟರು.